ಇನ್ನೂರೈವತ್ತಕ್ಕೆ ಏರಿಸಿದ ಯಂತ್ರ

ಕೆಪಾಂಜೆನ್,
11 ಜನವರಿ 2010

ಅಪ್ಪನಿಗೆ ವೆನಿಂಗಳ ಸಲಾಂ.

ನಾನು ಕ್ಷೇಮ. ಪಕ್ಕದ ಮನೆಯ ನಾರ್ತಿ ಚಿಕ್ಕಮ್ಮ ದಿನಕ್ಕೆರಡು ಸಲ ಗೋಡೆಯ ಮೇಲಿಂದ "ಉಂಡ್ಯೇನೇ?" ಎಂದು ಕೂಗುತ್ತಾರೆ. ಉಂಡೆ ಎಂದರೂ ನಂಬದೆ ತಟ್ಟೆ ಹಿಡಿದು ಬರುತ್ತಾರೆ. ನಿಮ್ಮ ರಿಪೇರಿ ಅಂಗಡಿಯ ಬಾಗಿಲನ್ನು ಅರ್ಧ ಮಾತ್ರ ಎತ್ತಿಟ್ಟು ಒಳಗೆ ಕೂತು ಕೆಲಸ ಮಾಡುತ್ತೇನೆ. ಮದುವೆಯ ವಿಡಿಯೋ ಕತ್ತರಿಸಿ ಜೋಡಿಸುವ ಕೆಲಸ ಸ್ಟುಡಿಯೋದಿಂದ ಬರುತ್ತಲೇ ಇದೆ.

ಒಂದು ವಿಷಯ ಕೇಳಬೇಕಿತ್ತು. ಒಬ್ಬ ಗಿರಾಕಿ ಹಳೆಯ ಕ್ಯಾಸೆಟ್ ಒಂದನ್ನು ಸ್ಟುಡಿಯೋಕ್ಕೆ ತಂದುಕೊಟ್ಟಿದ್ದಾರೆ. ಮೂರು ಗಂಟೆಗೂ ಹೆಚ್ಚಿನ ಮದುವೆ ಚಿತ್ರ. ಟೇಪಿಗೆ ಬೂಷ್ಟು ಹಿಡಿದಿದೆ. ತೆರೆಯ ತುಂಬ ಬಿಳಿ ಗೆರೆ, ದನಿಯಲ್ಲಿ ಗೊರಗೊರ. ಆಗುವುದಿಲ್ಲ ಎಂದು ಸ್ಟುಡಿಯೋದವರು ಕೈಚೆಲ್ಲಿದರು. ನಾನು ಮಾಡುತ್ತೇನೆ ಎಂದೆ. ಟೇಪನ್ನು ಕಂಪ್ಯೂಟರಿಗೆ ಇಳಿಸಿಯಾಯಿತು. ಆದರೆ ಗೆರೆ ಅಳಿಸುವ ಕೆಲಸಕ್ಕೆ ನೀವು ಜೋಡಿಸಿದ ಈ ಹಳೆಯ ಯಂತ್ರ ಒಂಬತ್ತು ದಿನ ಕೇಳುತ್ತಿದೆ. ನಡುವೆ ಕರೆಂಟು ಹೋದರೆ ಮತ್ತೆ ಮೊದಲಿನಿಂದ. ಅವರ ಮನೆಯಲ್ಲಿ ತೀರಿಕೊಂಡವರೊಬ್ಬರ ಸಾವಿರದ ದಿನದ ಪ್ರಾರ್ಥನೆ, ಊಟ ಇದೆಯಂತೆ. ಮಾರ್ಚ್ ಹದಿನೈದಕ್ಕೆ. ಅಷ್ಟರೊಳಗೆ ಕೊಡಲೇಬೇಕು.

ಆಟ ಆಡುವ ಹುಡುಗರ ಯಂತ್ರಗಳಿಗೆ ನೀವು ಓವರ್‌ಕ್ಲಾಕ್ ಮಾಡಿ ವೇಗ ಏರಿಸಿಕೊಡುತ್ತಿದ್ದಿರಿ. ನಮ್ಮದನ್ನು ಮಾತ್ರ ಮುಟ್ಟಲು ಬಿಡಲಿಲ್ಲ. ಈಗ ನಾನೇ ಮಾಡುತ್ತೇನೆ. ಹೇಗೆಂದು ಬರೆಯಿರಿ.

ಹೋದ ಎರಡು ಪತ್ರಗಳ ಅಕ್ಷರ ನಿಮ್ಮದಲ್ಲ. ಬೇರೆಯವರ ಕೈಲಿ ಬರೆಸಿದ್ದು ಏಕೆ?

ವೆನಿಂಗ್

*

ಜೈಲು, ಸಿ ಬ್ಲಾಕ್,
20 ಜನವರಿ 2010

ಮಗಳು ವೆನಿಂಗಳಿಗೆ,

ಅಕ್ಷರ ದಾರ್ಮೋ ಎಂಬ ಹಿರಿಯರದು. ನನ್ನ ಜೊತೆಯವರು, ಹಿಂದೆ ಶಾಲೆಯಲ್ಲಿ ಗುಮಾಸ್ತರಾಗಿದ್ದವರು. ಮುತ್ತಿನಂಥ ಅಕ್ಷರ, ಸುಮ್ಮನೆ ಕೂತು ತುಕ್ಕು ಹಿಡಿಯುತ್ತಿದೆ. ಬರೆಯಲಿ ಬಿಡು ಎಂದೆ. ಅಷ್ಟೇ.

ಮೊದಲು ಪೆಟ್ಟಿಗೆ ಬಿಚ್ಚು. ಪ್ಲಗ್ ಕಿತ್ತ ಮೇಲೆ ಬಿಚ್ಚು. ಧೂಳನ್ನು ಬಣ್ಣ ಬಳಿಯುವ ಬ್ರಷ್ಷಿನಿಂದ ಹೊಡಿ, ಬಾಯಿಂದ ಊದಬೇಡ, ಎಂಜಲು ಸಿಡಿಯುತ್ತದೆ. ಪ್ರೊಸೆಸರಿನ ಮೇಲಿನ ಫ್ಯಾನು, ಅದರಡಿಯ ಅಲ್ಯೂಮಿನಿಯಂ ಗಟ್ಟಿ, ಎರಡನ್ನೂ ತೆಗೆ. ನಡುವೆ ಹಚ್ಚಿದ ಬಿಳಿ ಲೇಪ ಒಣಗಿ ಸುಣ್ಣವಾಗಿರುತ್ತದೆ. ಒರೆಸಿ ಹೊಸದು ಹಚ್ಚು, ಒಂದು ಅಕ್ಕಿಕಾಳಿನಷ್ಟು. ಹೆಚ್ಚು ಹಚ್ಚಿದರೆ ಹೆಚ್ಚು ತಂಪು ಅಂತಿಲ್ಲ.

ಆಮೇಲೆ ಆನ್ ಮಾಡಿದ ಕೂಡಲೇ ಡಿಲೀಟ್ ಒತ್ತುತ್ತಿರು. ನೀಲಿ ಪರದೆ ಬರುತ್ತದೆ. ಅಲ್ಲಿ ಇನ್ನೂರು ಎಂದಿರುವುದೇ ನಮ್ಮ ಯಂತ್ರದ ನಾಡಿ. ಅದರ ಒಂಬತ್ತರಷ್ಟು ವೇಗದಲ್ಲಿ ಪ್ರೊಸೆಸರ್ ಓಡುತ್ತದೆ. ಇನ್ನೂರನ್ನು ಇನ್ನೂರೈದು ಮಾಡು. ಒಂದು ದಿನ ದುಡಿಸಿ ನೋಡು. ಶಾಖ ಅರವತ್ತು ಡಿಗ್ರಿ ದಾಟದಿದ್ದರೆ ಇನ್ನೂರಹತ್ತು. ಹೀಗೆ ಐದೈದೇ ಮೆಟ್ಟಿಲು. ಅವಸರ ಬೇಡ. ಪ್ರತಿ ಮೆಟ್ಟಿಲನ್ನೂ ಪುಸ್ತಕದಲ್ಲಿ ಬರೆದಿಡು. ಅವಸರ ಮಾಡಿ ಒಮ್ಮೆಲೇ ಏರಿಸಿದರೆ ಎಲ್ಲಿ ಎಡವಿದೆವೆಂದೇ ಗೊತ್ತಾಗುವುದಿಲ್ಲ. ಏಳದೇ ಹೋದರೆ ಬೋರ್ಡಿನ ಮೇಲಿನ ನಾಣ್ಯದಂಥ ಬ್ಯಾಟರಿ ಕಿತ್ತು ಹತ್ತು ನಿಮಿಷ ಬಿಟ್ಟು ಹಾಕು, ಎಲ್ಲ ಮರೆತು ಮೊದಲಿನಂತಾಗುತ್ತದೆ. ಯಂತ್ರಗಳಿಗೆ ಆ ಭಾಗ್ಯವಿದೆ. ಮತ್ತೆ ಹೇಳುತ್ತೇನೆ, ಅವಸರ ಬೇಡ.

ಮಾರುಕಟ್ಟೆಯ ತಿರುವಿನಲ್ಲಿ ನಡೆದ ಆ ಅಪಘಾತದ ಬಗ್ಗೆ ಪತ್ರದಲ್ಲಿ ಎತ್ತಬೇಡ ಎಂದಿದ್ದೆ. ನೀನು ಎತ್ತಿಲ್ಲ, ಒಳ್ಳೆಯದು. ಸೋಯಾ ಹಾಲಿನ ತಾಹು ಮಾರುವ ಆ ತಾಯಿ ನಮ್ಮ ಗಾಡಿಗೆ ಸಿಕ್ಕಿ ಸತ್ತರು. ಗಾಡಿ ಓಡಿಸಿದವನು ನಾನು. ಐದು ವರ್ಷದ ಶಿಕ್ಷೆ ನನ್ನದು. ಅದು ಮುಗಿದ ಮಾತು. ಇಲ್ಲಿಗೆ ನೋಡಲು ಬರಬೇಡ ಎಂದದ್ದೂ ಹಾಗೇ ಇರಲಿ.

ಯಾರದು ಆ ಕ್ಯಾಸೆಟ್? ಗಿರಾಕಿಯ ಹೆಸರು ಬರೆಯಲಿಲ್ಲ ನೀನು.

ನಿನ್ನ ಅಪ್ಪ,
ಲುಕಿತೋ

*

ಕೆಪಾಂಜೆನ್,
1 ಫೆಬ್ರವರಿ 2010

ಅಪ್ಪ,

ಲೇಪ ನಿಜಕ್ಕೂ ಸುಣ್ಣವೇ ಆಗಿತ್ತು. ಉಗುರಿನಲ್ಲಿ ಕೆರೆದೆ. ಫ್ಯಾನಿನ ಎಲೆಗಳ ನಡುವೆ ಅಂಗೈಯಷ್ಟು ಧೂಳಿನ ಕಂಬಳಿ ಸಿಕ್ಕಿತು. ನಾರ್ತಿ ಚಿಕ್ಕಮ್ಮ ಬಾಗಿಲಲ್ಲಿ ನಿಂತು, "ಅಯ್ಯೋ, ಕೋಳಿ ಕುಯ್ದಂಗೆ ಕುಯ್ದಿಟ್ಟಿದೀಯಲ್ಲೇ! ತಿರುಗಿ ಹೊಲಿಯೋಕ್ ಬರುತ್ತಾ ನಿಂಗೆ?" ಎಂದರು.

ಹೊಲಿಯಲು ಬಂತು. ಇನ್ನೂರೈದು, ಇನ್ನೂರಹತ್ತು, ಇನ್ನೂರಹದಿನೈದು. ನೀಲಿ ಪರದೆಯಲ್ಲಿ ಅಂಕಿ ಬದಲಿಸಿ ಒತ್ತುವಾಗಲೆಲ್ಲ ಅದನ್ನು ಪುಸ್ತಕದಲ್ಲಿ ಬರೆದಿಡುತ್ತಿದ್ದೆ. ಪರದೆ ಕಪ್ಪಾಗಿ, ಒಂದು ಉಸಿರು ತಡೆದು, ಬೀಪ್ ಎಂದು ಎದ್ದಾಗ ಒಬ್ಬಳೇ ಕೂತು ಚಪ್ಪಾಳೆ ತಟ್ಟಿದೆ. ಅಂಗಡಿಯಲ್ಲಿ ಎಷ್ಟು ಕಾಲದ ಮೇಲೆ ಅಂಥ ಸದ್ದು! ಇನ್ನೂರಿಪ್ಪತ್ತೈದರಲ್ಲಿ ಎರಡು ದಿನ ಓಡಿತು, ಐವತ್ತಾರು ಡಿಗ್ರಿ. ಒಂಬತ್ತು ದಿನದ ಕೆಲಸ ಎಂಟಕ್ಕೆ ಇಳಿಯಿತು. ಇನ್ನೂರನಲವತ್ತಕ್ಕೆ ನಿಂತುಹೋಯಿತು. ಬ್ಯಾಟರಿ ಕಿತ್ತು ಹಾಕಿದೆ, ಎದ್ದಿತು. ವೋಲ್ಟೇಜು ಸ್ವಲ್ಪ ಏರಿಸಿದರೆ ಇನ್ನೂ ಮೇಲೆ ಹೋಗುತ್ತದೆ ಎಂದು ಸ್ಟುಡಿಯೋದ ಹುಡುಗರು ಹೇಳುತ್ತಾರೆ. ಏರಿಸಲೇ? ಎಷ್ಟು? ಬೇಗ ಬರೆಯಿರಿ.

ಅಪ್ಪ, ‘ಅವಸರ ಬೇಡ’ ಎಂದು ಒಂದೇ ಪತ್ರದಲ್ಲಿ ಮತ್ತೆ ಮತ್ತೆ ಬರೆಸಿದ್ದೀರಿ. ಅದನ್ನು ಯಾವ ಅವಸರಕ್ಕೆ ಹೇಳಿದ್ದೆಂದು ನನಗೆ ತಿಳಿಯುತ್ತದೆ. ಬೇರೆಯವರ ಕೈಲಿ ಬರೆಸಿದರೂ ತಿಳಿಯುತ್ತದೆ. ನನಗೆ ಎರಡು ಸಾಲು ನಿಮ್ಮ ಕೈಯಾರೆ ಬರೆಯಲು ಮನಸ್ಸಾಗದಿದ್ದರೆ ಅದನ್ನೂ ತಿಳಿದುಕೊಳ್ಳಬಲ್ಲೆ.

ಗಿರಾಕಿ ನಿಮಗೆ ಗೊತ್ತಿರುವವರಲ್ಲ.

ವೆನಿಂಗ್

*

ಜೈಲು, ಸಿ ಬ್ಲಾಕ್,
8 ಫೆಬ್ರವರಿ 2010

ವೆನಿಂಗ್,

ವೋಲ್ಟೇಜು ಮುಟ್ಟಬೇಡ. ಆ ಬೋರ್ಡಿಗೆ ಆರು ವರ್ಷ ವಯಸ್ಸು. ಪ್ರೊಸೆಸರ್ ಪಕ್ಕದಲ್ಲಿ ಸಾಲಾಗಿ ನಿಂತಿರುವ, ಸಣ್ಣ ಡಬ್ಬಿಯಂಥ ಕೆಪಾಸಿಟರುಗಳ ನೆತ್ತಿ ನೋಡು. ಚಪ್ಪಟೆ ಇರಬೇಕು. ಒಂದು ಉಬ್ಬಿದ್ದರೂ ಇನ್ನೂರಿಪ್ಪತ್ತೈದಕ್ಕೇ ನಿಲ್ಲಿಸು.

ಇನ್ನೊಂದು ಮಾತು, ಇದು ಮುಖ್ಯ. ನಿಂತುಹೋಗುವ ಯಂತ್ರಕ್ಕೆ ಹೆದರಬೇಕಿಲ್ಲ. ಶಕ್ತಿ ಮೀರಿ ಏರಿಸಿದಾಗ ಕೆಲವು ಯಂತ್ರ ನಿಲ್ಲುವುದೇ ಇಲ್ಲ. ಓಡುತ್ತಲೇ ಇರುತ್ತದೆ, ಒಳಗೆ ತಪ್ಪು ಲೆಕ್ಕ ಮಾಡುತ್ತಿರುತ್ತದೆ. ದಿನಕ್ಕೊಮ್ಮೆಯಾದರೂ ಆದಷ್ಟು ಭಾಗವನ್ನು ತೆರೆದು ಕಣ್ಣಾರೆ ನೋಡು. ಪರದೆ ಆರಿಸಿ ಕೂರಬೇಡ.

ಅಪ್ಪ

ಮಗಳೇ, ಇದಿಷ್ಟು ನಿಮ್ಮಪ್ಪ ಹೇಳಿದ್ದಲ್ಲ, ನಾನು ದಾರ್ಮೋ ಸೇರಿಸುತ್ತಿರುವುದು. ನವೆಂಬರಿನಲ್ಲಿ ಅವರಿಗೆ ಲಕ್ವ ಹೊಡೆಯಿತು. ಬಲಗೈ ಏಳುತ್ತಿಲ್ಲ, ಮಾತು ತೊದಲುತ್ತದೆ. ನಿನ್ನ ಪತ್ರದ ಕೊನೆಯ ಸಾಲುಗಳನ್ನು ನನ್ನ ಕೈಲಿ ಎರಡು ಸಲ ಓದಿಸಿಕೊಂಡರು. ಹೇಳಬೇಡ ಎಂದಿದ್ದರು, ಹೇಳಿಬಿಟ್ಟೆ.

*

ಕೆಪಾಂಜೆನ್,
2 ಮಾರ್ಚ್ 2010

ಅಪ್ಪ,

ಒಂದು ತಿಂಗಳಾಯಿತು. ಉತ್ತರವಿಲ್ಲ. ಅಂಚೆಯವನನ್ನು ನಿಲ್ಲಿಸಿ ಕೇಳಿದರೆ, "ಬಂದಿದ್ರೆ ನಾನೇನು ತಿಂತೀನಾ ತಂಗಿ?" ಎಂದು ಸೈಕಲ್ ತುಳಿದುಬಿಡುತ್ತಾನೆ. ನಾನು ಬರೆದದ್ದು ನಿಮಗೆ ಹಿಡಿಸಲಿಲ್ಲ, ಅದಕ್ಕೆ ಸುಮ್ಮನಿದ್ದೀರಿ. ಇರಲಿ.

ಕೆಲಸ ಎರಡು ಸಲ ಕೆಟ್ಟಿತು. ಒಮ್ಮೆ ಆರನೆಯ ದಿನ ಕರೆಂಟು ಹೋಯಿತು. ಇನ್ನೊಮ್ಮೆ ನಾಲ್ಕನೆಯ ದಿನ. ನಾನೇ ನಿರ್ಧಾರ ಮಾಡಿದೆ. ವೋಲ್ಟೇಜು ಎರಡು ಮೆಟ್ಟಿಲು ಏರಿಸಿದೆ. ನಾಡಿ ಇನ್ನೂರೈವತ್ತು. ಹೌದು, ಒಮ್ಮೆಲೇ. ಪೆಟ್ಟಿಗೆಯ ಮುಚ್ಚಳ ತೆಗೆದು ಮೇಜಿನ ಫ್ಯಾನನ್ನು ಅದರ ಕಡೆ ತಿರುಗಿಸಿಟ್ಟಿದ್ದೇನೆ. ನಿಂತಿಲ್ಲ. ನಿನ್ನೆ ಬೆಳಗ್ಗೆ ಶುರು ಮಾಡಿದೆ, ಎಂಟನೇ ತಾರೀಖಿಗೆ ಮುಗಿಯಬೇಕು. ಪರದೆ ಆರಿಸಿದ್ದೇನೆ. ಆ ಚಿತ್ರ ನೋಡುವುದು ನನಗೆ ಬೇಕಾಗಿಲ್ಲ.

ನೀವಿಲ್ಲದೆಯೂ ಮಾಡಿದೆ ಎಂದು ಹೇಳಲು ಬರೆದೆ.

ವೆನಿಂಗ್

*

ಜೈಲು, ಸಿ ಬ್ಲಾಕ್,
4 ಮಾರ್ಚ್ 2010

ವೆನಿಂಗ್,

ಇವತ್ತು ಕಚೇರಿಗೆ ಕರೆಸಿದರು. ಅಧಿಕಾರಿಯ ಮೇಜಿನ ಮೇಲೆ ನನ್ನ ಫೆಬ್ರವರಿಯ ಪತ್ರ ಬಿದ್ದಿತ್ತು, ಕೆಂಪು ಶಾಯಿಯಲ್ಲಿ ಗೆರೆ ಹಾಕಿಸಿಕೊಂಡು.

"ಇದೇನಯ್ಯಾ ಇದು? ಇನ್ನೂರಿಪ್ಪತ್ತೈದು, ವೋಲ್ಟೇಜು, ಶಕ್ತಿ ಮೀರಿ! ಬಾಂಬಾ?"

"ಕಂಪ್ಯೂಟರ್ ಸ್ವಾಮಿ. ಹಳೇದು. ಮಗಳು ಸ್ವಲ್ಪ ಜೋರಾಗಿ ಓಡಿಸ್ತಿದಾಳೆ."

"ಜೋರಾಗಿ ಓಡಿಸೋದು ನಿಮ್ಮನೆ ರೋಗವೇನು?" ಎಂದು ನಕ್ಕ. ಪಕ್ಕದವನೂ ನಕ್ಕ. ನಾನೂ ನಗಬೇಕಾಯಿತು. ಪತ್ರವನ್ನು ಇವತ್ತೇ ಅಂಚೆಗೆ ಹಾಕುತ್ತೇವೆ ಎಂದಿದ್ದಾರೆ. ಅಂದರೆ ಇಷ್ಟು ದಿನ ನೀನು ನನ್ನ ಉತ್ತರವಿಲ್ಲದೆ ಕೂತಿದ್ದೆ.

ಮಾರ್ಚ್ ಹದಿನೈದು, ಸಾವಿರದ ದಿನ ಎಂದು ನೀನು ಬರೆದಿದ್ದೆ. ಇಲ್ಲಿ ದಿನ ಎಣಿಸುವುದು ಬಿಟ್ಟು ನನಗೆ ಬೇರೆ ಕೆಲಸವಿಲ್ಲ. ಆ ತಾಯಿ ಸತ್ತ ದಿನದಿಂದ, 2007ರ ಜೂನ್ ಇಪ್ಪತ್ತರಿಂದ, ಎಣಿಸಿದೆ. ಎರಡು ಸಲ ಎಣಿಸಿದೆ. ಆ ಕ್ಯಾಸೆಟ್ ಯಾರದೆಂದು ಇನ್ನು ಕೇಳುವುದಿಲ್ಲ. ನಾಳೆಯೇ ಸ್ಟುಡಿಯೋಕ್ಕೆ ವಾಪಸು ಕೊಡು. ಯಂತ್ರ ಕೆಟ್ಟಿದೆ ಎನ್ನು. ಆ ಮನೆಯ ಹೊಸ್ತಿಲ ಹತ್ತಿರ ಸುಳಿಯಬೇಡ. ಇದು ಅಪ್ಪನ ಮಾತು.

ಲುಕಿತೋ

*

ಕೆಪಾಂಜೆನ್,
10 ಮಾರ್ಚ್ 2010

ಅಪ್ಪ,

ನಿನ್ನೆ ನಿಮ್ಮ ಎರಡೂ ಪತ್ರ ಒಟ್ಟಿಗೆ ಬಂದವು. ಮೊದಲು ದಾರ್ಮೋ ಅವರು ಬರೆದದ್ದನ್ನು ಓದಿದೆ. ನಿಮ್ಮ ಬಲಗೈ ಬಿದ್ದುಹೋಗಿತ್ತು, ನಾನು ನಿಮಗೆ ಮನಸ್ಸಿಲ್ಲ ಎಂದು ಬರೆದೆ. ಕ್ಷಮಿಸಿ ಎಂದು ಬರೆದರೆ ಸಾಲುವುದಿಲ್ಲ. ಆದರೂ ಕ್ಷಮಿಸಿ.

ನೀವು ಹೇಳಿದಂತೆಯೇ ಆಯಿತು. ಯಂತ್ರ ನಿಲ್ಲಲಿಲ್ಲ. ಎಂಟನೇ ತಾರೀಖು ಮುಗಿಯಿತೆಂದು ತೋರಿಸಿತು. ಪರದೆ ಹಾಕಿ ನಡುವಿನಿಂದ ಒಂದು ತುಣುಕು ತೆರೆದೆ. ಬಿಳಿ ಗೆರೆಗಳು ಹೋಗಿದ್ದವು. ಅವುಗಳ ಜಾಗದಲ್ಲಿ ಹಸಿರು ಚೌಕಗಳು. ಮುಖ ಇರಬೇಕಾದಲ್ಲಿ ಚೌಕ, ಬಾಯಿ ಇರಬೇಕಾದಲ್ಲಿ ಚೌಕ. ಎಂಟು ದಿನ ಅದು ಒಂದೇ ಸಮನೆ ತಪ್ಪು ಮಾಡುತ್ತ ಓಡಿದೆ. ಕೆಪಾಸಿಟರುಗಳನ್ನು ನೋಡಿದೆ, ಎರಡರ ನೆತ್ತಿ ಉಬ್ಬಿದೆ. ಕ್ಯಾಸೆಟ್ಟಿನಿಂದ ಇಳಿಸಿದ ಮೂಲ ಪ್ರತಿ ಸುರಕ್ಷಿತವಾಗಿದೆ, ಅಷ್ಟು ಪುಣ್ಯ. ಆದರೆ ಇನ್ನುಳಿದದ್ದು ಐದು ದಿನ. ಪೂರ್ತಿ ಮಾಡಲು ಯಾವ ವೇಗಕ್ಕೂ ಆಗದು.

ನೀವು ಎಣಿಸಿದ್ದು ಸರಿ. ಅದು ತಾಹು ಮಾರುತ್ತಿದ್ದ ಬು ತುಮಿರಾ ಅವರ ಮಗಳು ಲಸ್ಮಿನಿಯ ಮದುವೆ, 1996ರದು. ಅವ್ವ ಮಾತಾಡಿದ್ದು ಉಳಿದಿರುವುದು ಅದೊಂದರಲ್ಲೇ ಅಂತ ಲಸ್ಮಿನಿ ಸ್ಟುಡಿಯೋದಲ್ಲಿ ಹೇಳುವಾಗ ನಾನು ಕಂಪ್ಯೂಟರಿನ ಪರದೆಯ ಹಿಂದೆ ಕೂತಿದ್ದೆ. ವಾಪಸು ಕೊಡಲಾರೆ ಅಪ್ಪ. ನಾಡಿಯನ್ನು ಇನ್ನೂರಿಪ್ಪತ್ತೈದಕ್ಕೆ ಇಳಿಸಿದ್ದೇನೆ, ವೋಲ್ಟೇಜು ಮೊದಲಿನಂತೆ. ಬು ತುಮಿರಾ ಎಲ್ಲೆಲ್ಲಿ ಬರುತ್ತಾರೋ ಅಷ್ಟನ್ನೇ ಆರಿಸಿ ಶುಚಿ ಮಾಡುತ್ತೇನೆ. ಆರಿಸಬೇಕಾದರೆ ಪೂರ್ತಿ ನೋಡಬೇಕು. ಈಗ ನೋಡಲು ಕೂರುತ್ತೇನೆ.

ವೆನಿಂಗ್

*

ಕೆಪಾಂಜೆನ್,
17 ಮಾರ್ಚ್ 2010

ಅಪ್ಪ,

ಮೂರು ಗಂಟೆಯ ಚಿತ್ರದಲ್ಲಿ ಅವರು ಇರುವುದು ಹನ್ನೊಂದು ನಿಮಿಷ.

ನಾನು ಅವರನ್ನು ನೋಡಿದ್ದು ಒಂದೇ ಒಂದು ಸಲ, ಗಾಡಿಯ ಗಾಜಿನಾಚೆ. ಅವರಿಗೆ ಮುಖವಿತ್ತೆಂದೇ ನನ್ನ ನೆನಪಿನಲ್ಲಿರಲಿಲ್ಲ. ಬುಟ್ಟಿ ಇತ್ತು, ಹಳದಿ ಸೆರಗಿತ್ತು. ಚಿತ್ರದಲ್ಲಿ ಅವರು ಅಡುಗೆಮನೆಯ ಹಿಂದೆ ದೊಡ್ಡ ಬಾಣಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಾರೆ. ಬೆವರು ಒರೆಸಿಕೊಂಡು ಕ್ಯಾಮೆರಾದವನನ್ನು ಬಯ್ಯುತ್ತಾರೆ: "ಏ, ನನ್ ಮೋರೆ ಏನ್ ಹಿಡೀತೀಯೋ! ಮದುಮಗಳು ಆ ಕಡೆ ಅವ್ಳೆ. ಕರಿಯೋ ಹೆಂಗಸಿನ್ ಸಿನಿಮಾ ಯಾರ್ ನೋಡ್ತಾರೆ?" ಆಮೇಲೆ ನಾಚಿ ಜರಡಿಯನ್ನು ಮುಖಕ್ಕೆ ಅಡ್ಡ ಹಿಡಿಯುತ್ತಾರೆ. ಇನ್ನೊಂದು ಕಡೆ ಲಸ್ಮಿನಿ ತಾಯಿಯ ಮಂಡಿಗೆ ಹಣೆ ಹಚ್ಚಿ ಅಪ್ಪಣೆ ಕೇಳುತ್ತಾಳೆ. ಅವರು ಮಗಳ ಗಲ್ಲ ಎತ್ತಿ, ಇಳಿದುಹೋದ ಕಾಡಿಗೆಯನ್ನು ತಮ್ಮ ರವಿಕೆಯ ತೋಳಿನಿಂದ ಒರೆಸುತ್ತಾರೆ. ಹೊಸ ಬಟ್ಟೆ ಕೊಳೆಯಾಗುತ್ತದೆ ಎಂದು ಯಾರೋ ಹೇಳಿದರೆ, "ಆಗ್ಲಿ ಬಿಡು" ಎನ್ನುತ್ತಾರೆ.

ಆ ಹನ್ನೊಂದು ನಿಮಿಷಕ್ಕೆ ಯಂತ್ರ ಅರ್ಧ ದಿನ ತೆಗೆದುಕೊಂಡಿತು. ನಾನು ಎದ್ದು ಹೋಗದೆ ಎದುರಿಗೇ ಕೂತಿದ್ದೆ. ಒಂದು ಚೌಕವೂ ಬರಲಿಲ್ಲ.

ಹದಿನೈದರ ಮಧ್ಯಾಹ್ನ ನಾನೇ ಡಿಸ್ಕ್ ತೆಗೆದುಕೊಂಡು ಹೋದೆ. ಅಂಗಳದಲ್ಲಿ ಚಾಪೆ ಹಾಸುತ್ತಿದ್ದರು. ಲಸ್ಮಿನಿ ಅಕ್ಕ ಕೈಯೊರೆಸಿಕೊಂಡು ಬಂದು ನನ್ನನ್ನು ಒಳಗೆ ಕೂರಿಸಿ ಡಿಸ್ಕ್ ಹಾಕಿದರು. ಅಮ್ಮನ ಬೈಗುಳ ಕೇಳಿದ ಕೂಡಲೇ ಜೋರಾಗಿ ನಕ್ಕರು, ನಗುತ್ತಲೇ ಅಳಲು ಶುರು ಮಾಡಿದರು. ಮತ್ತೆ ಹಾಕಿ ನೋಡಿದರು. ನನ್ನ ಮುಂದೆ ಬಿಸಿ ಚಹಾ, ತಟ್ಟೆ ತುಂಬ ಅನ್ನ ತಂದಿಟ್ಟರು.

"ಸ್ಟುಡಿಯೋದೋರು ಆಗಲ್ಲ ಅಂದಿದ್ರು. ನಿನ್ ಕೈ ತಂಪಾಗಿರ್ಲಿ. ಯಾರ್ ಮಗಳಮ್ಮ ನೀನು?"

"ಲುಕಿತೋ ಮಗಳು. ರಿಪೇರಿ ಅಂಗಡಿ ಲುಕಿತೋ."

ಅವರ ಕೈ ತಟ್ಟೆಯ ಮೇಲೆಯೇ ನಿಂತಿತು.

"ಓ. ನಿಮ್ಮಪ್ಪನ ಪರವಾಗಿ ಕ್ಷಮೆ ಕೇಳೋಕ್ ಬಂದ್ಯೇನು? ಅದಕ್ಕೇ ಇಷ್ಟ್ ಕಷ್ಟ ಬಿದ್ಯಾ?"

"ಅಪ್ಪನ ಪರವಾಗಿ ಅಲ್ಲ ಅಕ್ಕ. ಅವತ್ತು ಗಾಡಿ ಓಡಿಸ್ತಿದ್ದದ್ದು ನಾನು. ಹದಿನೇಳು ವರ್ಷ ನಂಗೆ, ಲೈಸೆನ್ಸ್ ಇರ್ಲಿಲ್ಲ. ಶಾಲೆಗೆ ಕಂಪ್ಯೂಟರ್ ಮುಟ್ಟಿಸೋಕೆ ತಡ ಆಗ್ತಿತ್ತು. ಅಪ್ಪ ನಿಧಾನ ನಿಧಾನ ಅಂತಾನೇ ಇದ್ರು. ನಾನು ಕೇಳ್ಲಿಲ್ಲ. ಜನ ಸೇರೋದ್ರೊಳಗೆ ನನ್ನ ಕೆಳಗಿಳಿಸಿ, ‘ಚಿಕ್ಕಮ್ಮನ ಮನೆಗೆ ಓಡು’ ಅಂದ್ರು. ನಾನು ಓಡ್ದೆ."

ಈ ಪತ್ರವನ್ನು ನಮ್ಮಪ್ಪನಿಗಿಂತ ಮೊದಲು ಓದುವ ಅಧಿಕಾರಿಗಳೇ, ಮೇಲಿನ ಮಾತು ಅಂಕಿ ಸಂಖ್ಯೆಯ ಗುಟ್ಟಲ್ಲ. ಹೇಗಿದೆಯೋ ಹಾಗೆಯೇ ಓದಿಕೊಳ್ಳಿ.

ಲಸ್ಮಿನಿ ಅಕ್ಕ ಹೊಡೆಯುತ್ತಾರೆ ಎಂದುಕೊಂಡೆ. ಹೊಡೆಯಲಿಲ್ಲ. ನನ್ನ ಕೈಗಳನ್ನೇ ನೋಡಿದರು. ಆಮೇಲೆ ಕೇಳಿದರು:

"ಸಾವಿರ ದಿನ ನಿಮ್ಮಪ್ಪಂಗೆ ಶಾಪ ಹಾಕಿದೀನಿ ಕಣೇ. ನಮಾಜ್ ಮುಗಿಸಿ ಕೈಯೆತ್ತಿದಾಗ್ಲೂ ಬಿಟ್ಟಿಲ್ಲ. ಅವನ ಕೈ ಸೇದಿಹೋಗ್ಲಿ ಅಂತ ಕೇಳಿದೀನಿ. ಅದನ್ನೆಲ್ಲ ಈಗ ಎಲ್ಲಿಂದ ವಾಪಸ್ ತರ್ಲಿ? ಹೇಳು, ಎಲ್ಲಿಂದ ತರ್ಲಿ?"

ನಿಮ್ಮ ಕೈಯ ವಿಷಯ ನಾನು ಹೇಳಲಿಲ್ಲ ಅಪ್ಪ. ಹೇಳಲಾಗಲಿಲ್ಲ.

"ಎದ್ದು ಹೋಗು. ಜನ ಬರೋ ಹೊತ್ತಾಯ್ತು" ಎಂದರು. ಅನ್ನದ ತಟ್ಟೆಯನ್ನು ಒಳಗೆ ಎತ್ತಿಕೊಂಡು ಹೋದರು. ಡಿಸ್ಕನ್ನು ಮಾತ್ರ ಇನ್ನೊಂದು ಕೈಯಲ್ಲಿ ಎದೆಗೆ ಒತ್ತಿ ಹಿಡಿದಿದ್ದರು.

ಇಪ್ಪತ್ತೊಂಬತ್ತನೇ ತಾರೀಖು ಸೋಮವಾರ ಪೊಲೀಸ್ ಠಾಣೆಗೆ ಹೋಗುತ್ತೇನೆ. ಅಷ್ಟರೊಳಗೆ ನಿಮ್ಮ ಉತ್ತರ ಬರಲಿ ಎಂದು ಆ ದಿನ ಇಟ್ಟುಕೊಂಡೆ. ಬರದಿದ್ದರೂ ಹೋಗುತ್ತೇನೆ.

ವೆನಿಂಗ್

*

ಜೈಲು, ಸಿ ಬ್ಲಾಕ್,
23 ಮಾರ್ಚ್ 2010

ವೆನಿಂಗ್,

ನಿನ್ನ ಪತ್ರವನ್ನು ಈ ಸಲ ಅಧಿಕಾರಿಯೇ ಕರೆದು ಕೈಗೆ ಕೊಟ್ಟ. "ಓದಿದೀನಿ. ಏನಂತೀಯ?" ಎಂದ. "ಹುಡುಗಿ ಸುಳ್ಳು ಬರ್ದಿದಾಳೆ ಸ್ವಾಮಿ, ಅಪ್ಪನ್ನ ಬಿಡಿಸ್ಕೊಳ್ಳೋಕೆ" ಎಂದೆ. ಅವನು ನಗಲಿಲ್ಲ. "ಇನ್ನೊಂದ್ ಸಲ ಹೇಳು" ಎಂದ. ಎರಡನೇ ಸಲ ಬಾಯಿ ಏಳಲಿಲ್ಲ.

ಮೂರು ದಿನ ನಿನ್ನ ಮೇಲೆ ಕೆಂಡದಂಥ ಸಿಟ್ಟಿತ್ತು. ಇಲ್ಲಿ ಕಳೆದ ಒಂದೊಂದು ಬೆಳಗ್ಗೆಯೂ, ‘ವೆನಿಂಗ್ ಮನೆಯಲ್ಲಿದ್ದಾಳೆ’ ಎಂದುಕೊಂಡೇ ಎದ್ದಿದ್ದೇನೆ. ನನ್ನ ಹತ್ತಿರ ಉಳಿದದ್ದು ಅದೊಂದೇ. ಅದನ್ನು ನೀನು ನನ್ನನ್ನು ಕೇಳದೆ ತೆಗೆದುಕೊಂಡೆ. ಬರಬೇಡ ಎಂದದ್ದು ನಿನ್ನ ಮುಖ ನೋಡಲಾರದೆ ಅಲ್ಲ. ನೀನು ಬಂದು ಈ ಗೋಡೆಗಳನ್ನು ನೋಡಿದರೆ ಅವತ್ತೇ ಬಾಯಿಬಿಡುತ್ತೀಯ ಎಂಬ ಹೆದರಿಕೆಗೆ. ಅವಸರ ಬೇಡ ಎಂದದ್ದು ಬರೀ ಯಂತ್ರಕ್ಕೆ, ಮಗಳೇ. ಆಣೆ ಮಾಡಿ ಹೇಳುತ್ತೇನೆ, ಬರೀ ಯಂತ್ರಕ್ಕೆ.

ಇದನ್ನು ಬರೆಸುವಾಗ ನಡುನಡುವೆ ನಿಲ್ಲಿಸಿದ್ದೇನೆ. ದಾರ್ಮೋ ಪಾಪ ಪೆನ್ನು ಹಿಡಿದು ಕಾಯುತ್ತಾರೆ.

ಹೋಗುವುದಾದರೆ ಒಬ್ಬಳೇ ಹೋಗಬೇಡ. ನಾರ್ತಿಯನ್ನು ಕರೆದುಕೊಂಡು ಹೋಗು, ಅವಳ ಬಾಯಿಗೆ ಠಾಣೆಯವರೂ ಸ್ವಲ್ಪ ಹೆದರಲಿ. ಬೆಳಗ್ಗೆ ಹೊಟ್ಟೆ ತುಂಬ ಉಂಡು ಹೋಗು, ಅಲ್ಲಿ ಕೂರಿಸಿದರೆ ಸಂಜೆಯವರೆಗೂ ಕೂರಿಸುತ್ತಾರೆ. ನೆಲ ತಣ್ಣಗಿರುತ್ತದೆ, ದಪ್ಪ ಕಾಲುಚೀಲ ಹಾಕಿಕೋ. ಅಳು ಬಂದರೆ ಮಾತು ನಿಲ್ಲಿಸಿ ಅತ್ತು ಮುಗಿಸು, ಆಮೇಲೆ ಮುಂದುವರಿಸು. ಅಳುತ್ತ ಹೇಳಿದ್ದನ್ನು ಅವರು ತಮಗೆ ತೋಚಿದಂತೆ ಬರೆದುಕೊಳ್ಳುತ್ತಾರೆ. ಬರೆದದ್ದನ್ನು ಪೂರ್ತಿ ಓದಿ ಸಹಿ ಮಾಡು. ನನ್ನನ್ನು ಕೇಳಲು ಬಂದರೆ ನಾನೂ ಇನ್ನು ಸುಳ್ಳು ಹೇಳುವುದಿಲ್ಲ.

ಇನ್ನೊಂದು ಮಾತು. ನನ್ನ ಹೇಳಿಕೆಯಲ್ಲಿ ‘ಬ್ರೇಕ್ ಹಾಕಲಿಲ್ಲ’ ಎಂದಿದೆ. ನಾನು ಓದದೆ ಸಹಿ ಮಾಡಿದ್ದೆ. ಹೆಂಗಸು ಸತ್ತದ್ದು ಚಾಲಕ ಬ್ರೇಕ್ ಹಾಕದೇ ಇದ್ದುದರಿಂದ ಎಂದು ಕೋರ್ಟಿನಲ್ಲಿ ಓದಿದಾಗಲೂ ನಾನು ಸುಮ್ಮನಿದ್ದೆ. ಈಗ ಅದೇ ಮಾತು ನಿನ್ನ ಹೆಸರಿಗೆ ಬರುತ್ತದೆ, ಬರಲು ಬಿಡಬೇಡ. ನೀನು ಬ್ರೇಕ್ ತುಳಿದೆ. ಎರಡೂ ಕಾಲಿನಿಂದ ತುಳಿದೆ, ಸೀಟಿನಿಂದ ಎದ್ದು ನಿಂತು ತುಳಿದೆ. ನಾನು ಪಕ್ಕದಲ್ಲಿದ್ದೆ, ಕಣ್ಣಾರೆ ನೋಡಿದ್ದೇನೆ. ಅದನ್ನೂ ಹೇಳು.

ಅಪ್ಪ